ಡಬ್ಬಿ ಸೀಟಿನ ಹಿಂದೆ ಹೋದ ಮೇಲೆ

ನನ್ನ ಹೆಂಡತಿ ವರ್ನಾಳ ಲಾರಿಯಲ್ಲಿದ್ದ, ಡ್ರೈವರುಗಳು ಪರಸ್ಪರ ಮಾತಾಡುವ ಹಳೆಯ ರೇಡಿಯೊ ಇಟ್ಟಿಗೆಗಿಂತ ದಪ್ಪ. ಡ್ಯಾಶ್‌ಬೋರ್ಡಿನ ಕೆಳಗೆ ನೇತಾಡುತ್ತ, ದಾರಿಯ ಪ್ರತಿ ಹಳ್ಳಕ್ಕೂ ಅವಳ ಮೊಣಕಾಲಿಗೆ ಗುದ್ದುತ್ತಿತ್ತು. ಹೊಸದು ಹಾಕಿಸು ಎಂದರೆ ಕೇಳುವ ಹೆಂಗಸಲ್ಲ ಅವಳು. ಭಾನುವಾರವಿಡೀ ಕೂತು ಗುಂಡಿಗಳಿದ್ದ ಅದರ ಮುಖವನ್ನಷ್ಟೇ ಬಿಚ್ಚಿ, ಮೈಕಿನ ಸಮೇತ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದಳು. ಉಳಿದ ಡಬ್ಬಿಯನ್ನು ಸೀಟಿನ ಹಿಂದಕ್ಕೆ ತಳ್ಳಿ ನಡುವೆ ಉದ್ದನೆಯ ಕೇಬಲ್ ಎಳೆದಳು. ಸ್ಪೀಕರನ್ನು ತಲೆಯ ಮೇಲೆ ಸಿಕ್ಕಿಸಿದಳು.

"ನೋಡೋ ಗಾರ್ನೆಟ್, ರುಂಡ ಒಂದ್ಕಡೆ, ಮುಂಡ ಒಂದ್ಕಡೆ. ಆದ್ರೂ ಮಾತಾಡುತ್ತೆ!"

"ನಿಮ್ಮಮ್ಮನ ಹಾಗೇ ಅನ್ನು," ಎಂದೆ. ಸ್ಪ್ಯಾನರ್ ನನ್ನತ್ತ ಹಾರಿಬಂತು.

ಸೋಮವಾರ ಬೆಳಿಗ್ಗೆ ನಾನು ದಿಮ್ಮಿ ಹೇರಿಕೊಂಡು ಬೆಟ್ಟ ಇಳಿಯುತ್ತಿದ್ದೆ, ಅವಳು ಖಾಲಿ ಲಾರಿಯಲ್ಲಿ ಹತ್ತುತ್ತಿದ್ದಳು. ಬ್ರಿಟಿಷ್ ಕೊಲಂಬಿಯಾದ ನಮ್ಮ ಕಾಡುದಾರಿ ಒಂದೇ ಲಾರಿಯ ಅಗಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಕಿಲೋಮೀಟರು ಕಂಬ ದಾಟಿದಾಗಲೆಲ್ಲ ರೇಡಿಯೊದಲ್ಲಿ ಕೂಗಬೇಕು. ಕೇಳಿಸಿಕೊಂಡ ಖಾಲಿ ಲಾರಿ ಅಗಲ ಜಾಗ ನೋಡಿ ಬದಿಗೆ ನಿಂತು ಲೋಡಿಗೆ ದಾರಿ ಬಿಡಬೇಕು.

"ಹನ್ನೊಂದು, ಖಾಲಿ, ಮೇಲಕ್ಕೆ," ಎಂದಳು ವರ್ನಾ.

"ಹದಿನೈದು, ಲೋಡು, ಕೆಳಕ್ಕೆ. ಎಲ್ಲಿ ನಿಲ್ತೀಯೆ?" ಎಂದೆ.

ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ, "ಹನ್ನೆರಡು, ಖಾಲಿ, ಮೇಲಕ್ಕೆ."

ನನ್ನ ಹಿಂದೆ ಇಳಿಯುತ್ತಿದ್ದ ಬಾಯಿಬಡುಕ ಡೆಲ್ಬರ್ಟ್ ರೇಡಿಯೊದಲ್ಲಿ ಕಿರುಚಿದ: "ಅವಳಿಗೆ ಕೇಳಿಸ್ತಿಲ್ಲ ಕಣೋ! ನಿಲ್ಸು!"

ಸಿಕ್ಕ ಅಗಲ ಜಾಗಕ್ಕೆ ನುಗ್ಗಿಸಿ ನಿಲ್ಲಿಸಿದೆ. ಅವಳ ಹದಿಮೂರು ಬರಲೇ ಇಲ್ಲ. ಹನ್ನೆರಡರಾಚೆ ಎಂಥ ತಿರುವಿದೆಯೆಂದು ನನಗೆ ಗೊತ್ತು. ಲಾರಿ ಬಿಟ್ಟು ಇಳಿಜಾರಿನಲ್ಲಿ ಓಡಿದೆ. ಬಾಯಲ್ಲಿ ಅವಳಿಗೆ ಬೈಗುಳ, ಮನಸ್ಸಿನಲ್ಲಿ ದೇವರಿಗೆ ಅಡ್ಡಬೀಳುವುದು, ಎರಡೂ ಒಟ್ಟಿಗೇ ನಡೆದಿತ್ತು.

ತಿರುವಿನ ಈಚೆ, ಅಗಲ ಜಾಗದಲ್ಲಿ ಬಂಡೆಗೊತ್ತಿಕೊಂಡು ಅವಳ ಲಾರಿ ನಿಂತಿತ್ತು. ಒಳಗೆ ವರ್ನಾ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಕುಲುಕಾಟಕ್ಕೆ ಕಿತ್ತುಬಂದ ಸ್ಪೀಕರಿನ ತಂತಿ ಅವಳ ಕಿವಿಯ ಪಕ್ಕದಲ್ಲೇ ನೇತಾಡುತ್ತಿತ್ತು.

"ಏನೋ, ನಡ್ಕೊಂಡು ಬಂದೆ? ಈ ಹೊತ್ತಿಗೆ ನಿನ್ನ ಲೋಡು ಇಳಿಯುತ್ತಲ್ಲ, ದಾಟ್ಲಿ ಅಂತ ನಾನಿಲ್ಲಿ ಕಾಯ್ತಾ ಇದೀನಿ."

"ನಿಂಗೇನೂ ಕೇಳಿಸ್ಲಿಲ್ವಾ?"

"ಪಿಟಕ್ ಅನ್ಲಿಲ್ಲ. ಆ ಡೆಲ್ಬರ್ಟ್ ಎರಡು ಕಿಲೋಮೀಟರು ಬಾಯಿ ಮುಚ್ಕೊಂಡಿದಾನೆ ಅಂದ್ರೆ ಒಂದೋ ಅವನು ಸತ್ತಿರ್ಬೇಕು, ಇಲ್ಲಾ ನನ್ನ ರೇಡಿಯೊ. ಪಕ್ಕಕ್ಕೆ ಹಾಕಿ ಕೂತೆ."

"ನಿಂತಿದೀನಿ ಅಂತ ಒಂದ್ಮಾತು ಹೇಳೋಕೇನಾಗಿತ್ತೇ?"

"ಸತ್ತಿರೋ ರೇಡಿಯೊ ಜೊತೆ ಯಾರಾದ್ರೂ ಮಾತಾಡ್ತಾರಾ?"

ಹೋದ ಜೀವ ಬಂದಂತಾಗಿ ಲಾರಿಯ ಮೆಟ್ಟಿಲ ಮೇಲೆ ಕುಸಿದೆ. ಅವಳು ಇಳಿದುಬಂದು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದಳು.

"ನಡುಗ್ತಾ ಇದೀಯಲ್ಲೋ."

"ಸಿಟ್ಟಿಗೆ ಕಣೆ."

"ಗೊತ್ತು ಬಿಡು," ಎಂದು ಉಳಿದರ್ಧ ಸ್ಯಾಂಡ್‌ವಿಚ್ ನನ್ನ ಕೈಗಿಟ್ಟಳು. ಮೇಲೆ ಡೆಲ್ಬರ್ಟ್ ಒಂದೇ ಸಮ ಹಾರ್ನ್ ಬಾರಿಸುತ್ತಿದ್ದ. ನಾವಿಬ್ಬರೂ ಏಳಲಿಲ್ಲ.