ಪಾತ್ರೆಕೋಣೆಯ ಪರವಾಗಿ

ಓಟಿಸ್‌ನ ದವಡೆ ಇಳಿಯುತ್ತಿದೆ, ಇನ್ನೂ ಇಳಿಯುತ್ತಿದೆ, ಈಗ ಹಲ್ಲಿಗೆ ಕಟ್ಟಿದ ತಂತಿಯೂ ಕಾಣಿಸಿತು — ಅಯ್ಯೋ, ಇವನು ಧ್ಯಾನ ಮಾಡುತ್ತಿಲ್ಲ, ನಿದ್ದೆ ಹೊಡೆಯುತ್ತಿದ್ದಾನೆ, ಸಭೆಯಲ್ಲಿ ಎದ್ದು ನಿಂತು ಪಾತ್ರೆ ತೊಳೆಯುವ ಯಂತ್ರ ಬೇಡ ಅನ್ನಬೇಕಾದವನು ಇವನೇ, ನಿನ್ನೆ ಪಾತ್ರೆಕೋಣೆಯಲ್ಲಿ ಮೊಣಕೈವರೆಗೆ ನೊರೆ ಮೆತ್ತಿಕೊಂಡು ಡೀಲಿಯಾಳಿಗೆ ಆಣೆ ಇಟ್ಟಿದ್ದ, ನೀನ್ಯಾಕೆ ಒದ್ದಾಡ್ತೀಯ ಕಣೇ, ನಾನೆದ್ದು ಹೇಳ್ತೀನಿ, ಒಬ್ಬರು ಒಪ್ಪಲ್ಲ ಅಂದ್ರೆ ಸಾಕಲ್ವಾ, ಇಡೀ ಸ್ಕೂಲು ಅಲ್ಲೇ ನಿಲ್ಲುತ್ತೆ — ಹೌದು, ನಿಲ್ಲುತ್ತದೆ, ಟ್ಯಾನರ್ ಹಿಲ್‌ನಲ್ಲಿ ಮತ ಹಾಕುವ ಪದ್ಧತಿಯೇ ಇಲ್ಲ, ಮುಖ್ಯೋಪಾಧ್ಯಾಯರು ವಿಷಯ ಓದಿ ಹೇಳುತ್ತಾರೆ, ಎಲ್ಲರೂ ಬಾಯಿ ಮುಚ್ಚಿ ಕೂರುತ್ತಾರೆ, ಒಳಗಿನಿಂದ ಮಾತು ಒದ್ದುಕೊಂಡು ಬಂದವರು ಎದ್ದು ನಿಂತು ಹೇಳಬೇಕು, ಯಾರೂ ಏಳದಿದ್ದರೆ ಮುಖ್ಯೋಪಾಧ್ಯಾಯರು ಪಕ್ಕದವರ ಕೈ ಕುಲುಕುತ್ತಾರೆ, ಸಭೆ ಮುಗಿಯಿತು, ಎಲ್ಲರಿಗೂ ಒಪ್ಪಿಗೆ, ನಡೆಯಿರಿ ಊಟಕ್ಕೆ. ಈ ತಿಂಗಳು ಪಕ್ಕದವಳು ಡೀಲಿಯಾ. ಮುಂದಿನ ಬೆಂಚು, ಸ್ಕೂಲಿನ ಅಷ್ಟೂ ಕಣ್ಣು ಎದುರಿಗೆ, ಅದರಲ್ಲಿ ಎರಡು ಮಾತ್ರ ಮುಚ್ಚಿವೆ, ಆ ಎರಡೇ ಬೇಕಾಗಿದ್ದದ್ದು. ಎದ್ದೇಳೋ ಕತ್ತೆ. ಕಣ್ಣಲ್ಲೇ ಎಬ್ಬಿಸಲು ಆಗುತ್ತದೆಯೇ, ಅಮ್ಮ ಹಾಗೆ ಎಬ್ಬಿಸುತ್ತಿದ್ದಳು, ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದರೆ ಸಾಕು, ನಿದ್ದೆ ತಾನಾಗಿ ಹೆದರಿ ಓಡುತ್ತಿತ್ತು — ಅದೇ ಅಮ್ಮ ಫೋನಿನಲ್ಲಿ, ಅಲ್ವೇ, ಪಾತ್ರೆ ತೊಳೆಯೋಕೆ ವರ್ಮಾಂಟ್‌ವರೆಗೆ ಹೋಗ್ಬೇಕಿತ್ತಾ, ಮನೇಲೇ ಸಿಂಕ್ ಇತ್ತಲ್ಲ, ಒಂದು ದಿನ ಮುಟ್ಟಿದ್ದೆಯಾ. ಮುಟ್ಟಿರಲಿಲ್ಲ. ಮನೆಯ ಸಿಂಕಿನ ಮೇಲೆ ಏನೂ ಬರೆದಿರಲಿಲ್ಲ, ಇಲ್ಲಿಯದರ ಮೇಲೆ ಸ್ಕೂಲು ಕಟ್ಟಿದ ಮುದುಕ ಬಣ್ಣದಲ್ಲಿ ಬರೆಸಿದ್ದಾನೆ, ಕೈ ನೀರಲ್ಲಿದ್ದರೆ ಬಾಯಿ ನಿಜ ಹೇಳುತ್ತದೆ, ಇದೇ ನಮ್ಮ ತತ್ತ್ವ, ಹಬೆ ಹೊಡೆದು ಹೊಡೆದು ನಿಜ ಅನ್ನುವುದು ಅರ್ಧ ಉದುರಿದೆ, ಆದರೂ ಕಾಲೇಜಿಗೆ ತಯಾರಾಗುವ ಮಕ್ಕಳೂ ಅವರನ್ನು ತಯಾರು ಮಾಡುವವರೂ ಒಬ್ಬರೂ ಬಿಡದೆ ಸರದಿಯ ಮೇಲೆ ಅಲ್ಲಿ ನಿಂತು ತಿಕ್ಕಬೇಕು. ತಿಕ್ಕಬೇಕಿತ್ತು. ಈ ಸಭೆ ಒಪ್ಪಿದರೆ ನಾಳೆಯಿಂದ ಯಂತ್ರ ತಿಕ್ಕುತ್ತದೆ. ಮಾರ್ಗೋ ತಂದ ಯಂತ್ರ, ಮಾರ್ಗೋ ತಂದ ಹೊಸ ತತ್ತ್ವ, ಮಕ್ಕಳನ್ನು ಸೇರಿಸಿಕೊಳ್ಳುವ ಕೆಲಸಕ್ಕೆ ಬೋಸ್ಟನ್‌ನಿಂದ ಬಂದ ಮಾರ್ಗೋ, ಅಲ್ಲಿ ಮೂರನೇ ಸಾಲಿನಲ್ಲಿ ಕೆಸರು ಸೋಕದ ಬೂಟು ಹಾಕಿಕೊಂಡು ಕೂತಿದ್ದಾಳೆ, ಹಿಮ ಕರಗುವ ಮಾರ್ಚ್ ತಿಂಗಳಲ್ಲಿ ಕೆಸರು ಸೋಕದ ಬೂಟು, ಎಲ್ಲಿ ನಡೆಯುತ್ತಾಳೋ. ಮುಖ್ಯೋಪಾಧ್ಯಾಯರಿಗೆ ಅವಳು ಹೇಳಿದ್ದು, ಬೇರೆ ಸ್ಕೂಲಿನ ಮಕ್ಕಳು ಆ ಹೊತ್ತಲ್ಲಿ ಚೀನಿ ಭಾಷೆ ಕಲೀತಿದ್ದಾರೆ ಏಮಸ್, ನಮ್ಮ ಮಕ್ಕಳು ಬಾಣಲೆ ಕೆರೀತಿದ್ದಾರೆ. ಹೊಸ ತತ್ತ್ವ ಒಂದೇ ಸಾಲು, ಪ್ರತಿ ಮಗುವೂ ತನ್ನ ನಾಳೆಯ ನಾಯಕ, ಅದನ್ನು ಕೇಳಿ ಓಟಿಸ್, ಸರಿ, ನಾಳೆ ನಾಯಕ, ಇವತ್ತು ಈ ಬಾಣಲೆ ಯಾರಪ್ಪ ತೊಳೀತಾನೆ, ಅಂದು ಅದನ್ನು ತಲೆಗೆ ಟೋಪಿಯಂತೆ ಹಾಕಿಕೊಂಡಿದ್ದ, ಜಿಡ್ಡು ಕಿವಿಗಿಳಿದಿತ್ತು.

ಕೆಮ್ಮಿದರೆ ಏಳಬಹುದು. ಸಣ್ಣಗೆ, ಗಂಟಲಲ್ಲೇ — ಅಷ್ಟೇ, ಸರ್‍ರನೆ ಎಲ್ಲ ತಲೆಗಳೂ ಅವಳ ಕಡೆ ತಿರುಗಿದವು, ಇಲ್ಲಿ ಗಂಟಲು ಸರಿಮಾಡಿಕೊಂಡರೆ ಮಾತು ಬರುತ್ತಿದೆ ಎಂದೇ ಅರ್ಥ, ಎಲ್ಲರ ಮುಖದಲ್ಲೂ ಅದೇ ಕರುಣೆ, ಹೇಳಮ್ಮಾ, ಹೇಳು, ನಾವಿದ್ದೇವೆ, ಡೀಲಿಯಾ ತೊಲೆಯ ಕಡೆ ನೋಡಿದಳು, ತೊಲೆಗೆ ಐದಾರು ಗಂಟುಗಳಿವೆ, ಒಳ್ಳೆಯ ಮರ, ಕಿವಿ ಕಾದು ಕೆಂಪಾಯಿತು, ಕೊನೆಗೆ ತಲೆಗಳು ಒಂದೊಂದಾಗಿ ವಾಪಸು ಹೋದವು, ಓಟಿಸ್‌ನದು ಮಾತ್ರ ಎದೆಗೆ ಬಿತ್ತು. ಎದ್ದು ನಿಂತರೆ ಇವರು ಏನು ಕೇಳಿಸಿಕೊಳ್ಳುತ್ತಾರೋ ದೇವರೇ ಬಲ್ಲ, ಹೋದ ವರ್ಷ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು, ನನ್ನ ಬೂಟನ್ನ ಯಾರೋ ಹಾಕ್ಕೊಂಡು ಹೋಗಿದಾರೆ, ಅಂದು ಕೂತುಬಿಟ್ಟ, ಪಾಪ, ಅವನಿಗೆ ಬೂಟು ಬೇಕಿತ್ತು, ಅಷ್ಟೇ, ಆಮೇಲೆ ಸಾಹಿತ್ಯದ ಮೇಷ್ಟ್ರು ಎದ್ದು, ನಾವೆಲ್ಲರೂ ಬೇರೆಯವರ ಬೂಟಿನಲ್ಲೇ ನಡೀತಿದ್ದೀವಿ, ಅಂದರು, ಇಬ್ಬರು ಕಣ್ಣೊರೆಸಿಕೊಂಡರು, ಹುಡುಗ ಕಾಲುಚೀಲದಲ್ಲೇ ಕೆಸರು ತುಳಿದು ಊಟಕ್ಕೆ ಹೋದ. ಮೇಷ್ಟ್ರ ಕಾಲಲ್ಲಿದ್ದದ್ದೇ ಅವನ ಬೂಟು ಅಂತ ಓಟಿಸ್ ಹೇಳುತ್ತಾನೆ, ನಂಬುವ ಹಾಗಿಲ್ಲ, ಅವನು ಕಥೆ ಕಟ್ಟುವವನು, ಆಣೆಯನ್ನೂ ಹಾಗೇ ಕಟ್ಟಿದನಲ್ಲ. ತರಗತಿಯಲ್ಲಿ ಹಾಜರಿ ಕರೆದಾಗ ಡೀಲಿಯಾಳ ಬಾಯಿಂದ ಹಾಂ ಅನ್ನುವುದಕ್ಕೂ ಗಾಳಿ ಸಾಲುವುದಿಲ್ಲ, ಎರಡು ಸಲ ಗೈರುಹಾಜರಿ ಬಿದ್ದಿದೆ, ಮೊದಲ ಬೆಂಚಿನಲ್ಲೇ ಕೂತಿದ್ದಾಗ. ಪಾತ್ರೆಕೋಣೆಯಲ್ಲಿ ಹಾಗಲ್ಲ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರ ಕಣ್ಣೂ ತಟ್ಟೆಯ ಮೇಲೆ, ಬಿಸಿನೀರು ಮಣಿಕಟ್ಟು ದಾಟಿತೆಂದರೆ ಮಾತು ತಾನಾಗಿ ಹರಿಯುತ್ತದೆ, ಏಮಸ್ ಜೊತೆಗೂ, ಮುಖ್ಯೋಪಾಧ್ಯಾಯ ಏಮಸ್ ಪೆನ್ನಾಕ್, ಇಲ್ಲಿ ಸರ್ ಇಲ್ಲ ಮೇಡಂ ಇಲ್ಲ, ಎಲ್ಲರಿಗೂ ಹೆಸರೇ, ಅವರು ತಮ್ಮ ಸರದಿಯಲ್ಲಿ ಒಂದಾದರೂ ಕಪ್ಪು ಒಡೆಯದೆ ಹೋಗುವವರಲ್ಲ, ಒಡೆದು, ಅದು ಕಪ್ಪಿನ ನಿರ್ಧಾರ, ನಾವು ಗೌರವಿಸಬೇಕು, ಅನ್ನುತ್ತಿದ್ದರು. ಏಮಸ್, ನಿಮ್ಮ ಸೋಮವಾರದ ಭಾಷಣ ಉದ್ದ ಆಯ್ತು. ಹೌದಾ, ಎಷ್ಟು ಉದ್ದ? ಈ ಚೀಸ್ ಮ್ಯಾಕರೋನಿ ತಟ್ಟೆ ಒಣಗಿ ಕಲ್ಲಾಗೋಷ್ಟು. ಅವರು ನಕ್ಕ ಭರಕ್ಕೆ ಇನ್ನೊಂದು ಕಪ್ಪು ಹೋಯಿತು. ಅದನ್ನು ಹೇಳಿದವಳು ತಾನೇ ಎಂದು ರಾತ್ರಿ ಹಾಸಿಗೆಯಲ್ಲಿ ನೆನೆದು ಡೀಲಿಯಾಳಿಗೆ ತನ್ನ ಮೇಲೇ ಒಂದಿಷ್ಟು ಗೌರವ ಬಂದಿತ್ತು. ಮುಂದಿನ ವರ್ಷ ಕಾಲೇಜಿನವರು ಬಂದು ಎದುರು ಕೂತು ನಿನ್ನ ಬಗ್ಗೆ ಹೇಳು ಅನ್ನುತ್ತಾರೆ, ಅಷ್ಟರೊಳಗೆ ಬಾಯಿ ಪೂರ್ತಿ ಬಿಡಬೇಕು, ಇನ್ನೊಂದು ವರ್ಷ ಸಿಂಕು ಸಿಕ್ಕರೆ ಬಿಟ್ಟೀತು, ಸಿಗದಿದ್ದರೆ ಅವಳು ಮತ್ತೆ ಆ ಗೈರುಹಾಜರಿ ಹುಡುಗಿಯೇ. ಯಂತ್ರದ ಮುಂದೆ ನಿಂತು ಯಾರ ಹತ್ತಿರ ಏನು ಮಾತಾಡುವುದು, ಗುಂಡಿ ಒತ್ತುವುದು, ಬರುವುದು. ಯಾಕೆ ಒಪ್ಪಿದಿರಿ ಏಮಸ್ ಅಂತ ಕೇಳಬೇಕೆಂದರೆ ಅವರು ಒಂದು ತಿಂಗಳಿಂದ ಸಿಂಕಿನ ಹತ್ತಿರವೇ ಬಂದಿಲ್ಲ, ದಾನಿಗಳ ಸಭೆ, ಪೋಷಕರ ಸಭೆ, ಮಾರ್ಗೋ ಜೊತೆ ಸಭೆ. ಒಪ್ಪಲ್ಲ. ಒಂದೇ ಮಾತು. ಒಪ್ಪಲ್ಲ, ಅಂದು ಕೂತುಬಿಡಬಹುದು, ಕಾಲಿಗೆ ಹೇಳಿದಳು, ಏಳು, ಕಾಲು ಜುಮ್ಮೆಂದು ಮರಗಟ್ಟಿ ಬೇರೆ ಯಾರದೋ ಕಾಲಿನಂತೆ ಬಿದ್ದುಕೊಂಡಿದೆ, ಬಿಸಿನೀರಿನ ಕೊಳವೆ ಗೋಡೆಯೊಳಗೆ ಟಕ್ ಟಕ್ ಅಂದಿತು, ಚರಿತ್ರೆಯ ಮೇಷ್ಟ್ರ ಹೊಟ್ಟೆ ಅದಕ್ಕೆ ಉತ್ತರ ಕೊಟ್ಟಿತು, ಹಿಂದಿನ ಸಾಲಿನಲ್ಲಿ ಯಾರೋ ನಗು ನುಂಗಿದರು.

ಅಡುಗೆಮನೆಯ ಗಂಟೆ. ಇಡೀ ಸಭೆ ಬೆಂಚಿನಲ್ಲೇ ಅರ್ಧ ಇಂಚು ಮುಂದೆ ಸರಿಯಿತು, ಪಕ್ಕದಲ್ಲಿ ಏಮಸ್ ಉದ್ದನೆಯ ಉಸಿರು ಬಿಟ್ಟರು, ಕೋಟಿನ ತೋಳು ಸರಸರ ಅಂದಿತು, ಬೇಡ, ಇನ್ನೊಂದು ಗಳಿಗೆ, ಓಟಿಸ್, ಏ ಓಟಿಸ್ — ಕೈ ಬಂತು. ಡೀಲಿಯಾಳ ಕೈ ಎರಡೂ ತೊಡೆಯಡಿ ಇವೆ, ಚಳಿಗೆ ಇಟ್ಟುಕೊಂಡದ್ದು, ತೆಗೆಯಬೇಕು, ಮರ್ಯಾದೆಗಾದರೂ ತೆಗೆಯಬೇಕು, ಮುಖ್ಯೋಪಾಧ್ಯಾಯರು ಕೈ ಚಾಚಿದರೆ ಯಾರಾದರೂ ತೆಗೆಯುತ್ತಾರೆ, ಅವಳು ಇನ್ನೂ ಗಟ್ಟಿಯಾಗಿ ಅದುಮಿ ಕೂತಳು. ಕೂತಮೇಲೆ ಹೊಳೆಯಿತು. ಕೈ ಕುಲುಕದೆ ಸಭೆ ಮುಗಿಯುವುದಿಲ್ಲ, ಸಭೆ ಮುಗಿಯದೆ ಒಪ್ಪಿಗೆ ಇಲ್ಲ, ಕೈ ಕೊಡದಿದ್ದರೆ ಏನು ಮಾಡಬೇಕೆಂದು ಯಾವ ನಿಯಮದಲ್ಲೂ ಇಲ್ಲ, ಯಾರಿಗೂ ಹೊಳೆದೇ ಇರಲಿಲ್ಲ, ಇಷ್ಟು ಸಭ್ಯ ಜನ. ಡೀಲಿಯಾ, ಏಮಸ್ ತುಟಿ ಅಲುಗಿಸದೆ ಪಿಸುಗುಟ್ಟಿದರು, ಊಟಕ್ಕೆ ಹೊತ್ತಾಯ್ತಮ್ಮ. ಗೊತ್ತು, ಮ್ಯಾಕರೋನಿ, ವಾಸನೆ ಅವಳಿಗೂ ಬರುತ್ತಿದೆ. ಮೂರನೇ ಸಾಲಿನಿಂದ ಮಾರ್ಗೋ ಕಣ್ಣಗಲಿಸಿ ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದಾಳೆ, ಕೈ ಕೊಡು, ಕೊಡೇ ಹುಡುಗಿ, ಓಟಿಸ್ ಎಚ್ಚರಾಗಿದ್ದಾನೆ, ಈಗ ಎಚ್ಚರಾಗಿದ್ದಾನೆ ಮಹಾರಾಯ, ಕೈಯನ್ನು ನೋಡಿದ, ಅವಳನ್ನು ನೋಡಿದ, ಬಿಟ್ಟ ಬಾಯಿಯನ್ನು ಮೆಲ್ಲನೆ ಮುಚ್ಚಿದ, ಎಲ್ಲರೂ ನೋಡುತ್ತಿದ್ದಾರೆ, ಅಷ್ಟೂ ಜನ, ಆದರೆ ಅವಳನ್ನಲ್ಲ, ಯಾರೂ ಅವಳ ಮುಖ ನೋಡುತ್ತಿಲ್ಲ, ಪಾತ್ರೆಕೋಣೆಯಲ್ಲಿ ತಟ್ಟೆಯ ಮೇಲಿದ್ದ ಹಾಗೆ ಎಲ್ಲರ ಕಣ್ಣೂ ಕೈಯ ಮೇಲೆ, ಅವಳ ಕಣ್ಣೂ ಅದರ ಮೇಲೇ, ಇಷ್ಟು ಹತ್ತಿರದಿಂದ ಈ ಕೈ ಒಣಗಿದ್ದಾಗ ಅವಳು ನೋಡಿರಲಿಲ್ಲ, ಬೆರಳ ತುದಿ ಸುಕ್ಕಾಗಿಲ್ಲ, ಉಗುರಲ್ಲಿ ಚೀಸ್ ಇಲ್ಲ, ಕಪ್ಪು ಒಡೆದಾಗಿನ ಗಾಯ ಮಾಗಿ ಹೋಗಿದೆ, ಮೆತ್ತಗಿನ ಬಿಳಿಚಿದ ಕೈ, ಹಿಂದೆ ಹೋಗುತ್ತಿಲ್ಲ, ಮುಂದೆ ಬರುತ್ತಿಲ್ಲ, ಗಾಳಿಯಲ್ಲಿ ನಿಂತಿದೆ, ಅಲ್ಲೇ, ಒಂದು ತಿಂಗಳಿಂದ ಸಿಂಕಿನ ನೀರು ಮುಟ್ಟದ ಒಣ ಕೈ —