ಕಾಕಾ ಕೊಟ್ಟ ರಕ್ತ

ಬೆಳಿಗ್ಗೆ ಏಳು ಗಂಟೆ. ಯಾವ ಔಷಧವನ್ನೂ ಹಾಕದ ಸೀಸೆಯಲ್ಲಿ ಮಲೇರಿಯಾ ಪರಾವಲಂಬಿಗಳು ಸತ್ತಿದ್ದವು.

ಸುದ್ದಿ ಭಾಗ್ಯಜ್ಯೋತಿಗೆ ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಸಿಕ್ಕಿತು. ಫೋನ್ ಮಾಡಿದವನು ವಿಜಯಪುರದ ಪ್ರಯೋಗಾಲಯದಲ್ಲಿ ಅವಳ ಜೊತೆ ಕೆಲಸ ಮಾಡುವ ಮಂಜೂರ.

“ಸಾದಾ ತಳಿ ಪೂರಾ ಸತ್ತೈತ್ರಿ ಅಕ್ಕಾರ. ಹಳೇ ಔಷಧಕ್ಕ ಜಗ್ಗದ ತಳಿ ಮಾತ್ರ ಗಟ್ಟಿ ಐತಿ.”

“ಬೂಸು ಹಿಡದೈತೇನು?”

“ನೋಡೇನ್ರಿ. ಬೂಸು ಇಲ್ಲ, ಏನೂ ಇಲ್ಲ.”

ಸಂಜೆ ಸಂಶೋಧನಾ ಸಮಿತಿಯ ಸಭೆಯಿತ್ತು. ಪರಾವಲಂಬಿಗೆ ಬದುಕಲು ಬೇಕೆಂದು ಅವಳು ನಂಬಿದ್ದ ಒಂದು ಕಿಣ್ವದ ಹಿಂದೆ ವರ್ಷಗಳಿಂದ ಬಿದ್ದಿದ್ದಳು. ಅದನ್ನು ತಡೆಯುವ ಸಂಯುಕ್ತ ಹಾಕಿದಾಗ ಹೋದ ವಾರ ಸಾದಾ ತಳಿ ಸತ್ತಿತ್ತು. ಹಳೇ ಔಷಧಕ್ಕೆ ಜಗ್ಗದ ಹಟಮಾರಿ ತಳಿಯ ಮೇಲೆ ಅದನ್ನು ಇಂದು ಹಾಕಬೇಕಿತ್ತು. ಸಮಿತಿ ಒಪ್ಪಿದರೆ ಆ ಕಿಣ್ವ ಹೊಸ ಔಷಧದ ಗುರಿಯಾಗಿ ಉಳಿಯುತ್ತದೆ. ಇಲ್ಲವಾದರೆ ಕೆಲಸ ನಿಲ್ಲುತ್ತದೆ.

ವಿಜಯಪುರದ ಬಸ್ಸಿನಲ್ಲಿ ಅವಳು ಎರಡು ಸಲ ಸೀಟು ಬದಲಿಸಿದಳು. ಹಳೇ ಔಷಧ ತಡೆದುಕೊಳ್ಳುವ ತಳಿಯಷ್ಟೇ ಉಳಿದಿದೆ ಎಂದರೆ ಸೀಸೆಯಲ್ಲಿ ಆ ಔಷಧವಿದೆ. ಎಲ್ಲಿಂದ ಬಂತು? ಪರಾವಲಂಬಿಗಳನ್ನು ಬೆಳೆಸುವುದು ಮನುಷ್ಯರ ರಕ್ತದಲ್ಲಿ. ಪ್ರಯೋಗಾಲಯದವರೆಲ್ಲ ತಮ್ಮ ಸರದಿ ಮುಗಿಸಿದ್ದರಿಂದ ಈ ಸಲ ರಕ್ತ ಕೊಟ್ಟವರು ಅವಳ ಕಾಕಾ, ಸಾಲೋಟಗಿಯ ಗುರುಲಿಂಗಪ್ಪ.

ಬಸವನ ಬಾಗೇವಾಡಿಯಲ್ಲಿ ಬಸ್ ನಿಂತಾಗ ಅವರಿಗೆ ಫೋನ್ ಹಚ್ಚಿದಳು.

“ಕಾಕಾ, ಔಷಧ ಏನರ ತಗೋತೀರೇನ್ರಿ?”

“ಅವತ್ತ ಹೇಳೇನಲ್ಲವ್ವ, ಇಲ್ಲ. ಕಬ್ಬಿಣದಂಗ ಅದೇನಿ.”

ಹಿಂದಿನಿಂದ ಅವರ ಹೆಂಡತಿ, ಕಾಕು ಬಾಳಮ್ಮನ ದನಿ ಕೇಳಿಸಿತು. “ಕಬ್ಬಿಣಕ್ಕ ತುಕ್ಕ ಹಿಡದೈತಿ ಅಂತ ಹೇಳ್ರಿ! ಕೀಲಿನ ಗುಳಿಗಿ ಮತ್ಯಾರು ನುಂಗ್ತಾರ?”

“ಅದೇನ ಔಷಧ ಏನ? ಔಷಧ ಅಂದ್ರ ಜಡ್ಡಾದಾಗಿಂದು. ಇದು ದಿನಾ ಚಹಾದ ಜೋಡಿ ನುಂಗೂದು.”

“ಕಾಕು, ಗುಳಿಗಿ ಪಾಕೀಟಿನ ಮ್ಯಾಲಿನ ಹೆಸರು ಓದ್ರಿ.”

ಬಾಳಮ್ಮ ಅಕ್ಷರ ಕೂಡಿಸಿ ಓದಿದಳು. “ಹೈ… ಡ್ರಾಕ್ಸಿ… ಕ್ಲೋರೋಕ್ವಿನ್.”

ಕೀಲುವಾತಕ್ಕೂ ಕೊಡುವ ಹಳೆಯ ಮಲೇರಿಯಾ ಔಷಧ. ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ.

ಹೋದ ವಾರ ಹಿಂದಿನ ದಾನಿಯ ರಕ್ತ ಸ್ವಲ್ಪ ಉಳಿದಿತ್ತು. ಚೆಲ್ಲಲು ಮನಸ್ಸಾಗದೆ ಭಾಗ್ಯಜ್ಯೋತಿ ಅದನ್ನು ಸಂಯುಕ್ತ ಹಾಕದ ಸೀಸೆಗಳಿಗೆ ಬಳಸಿ ಮುಗಿಸಿದ್ದಳು. ಸಂಯುಕ್ತ ಹಾಕಿದ ಸೀಸೆಗಳಿಗೆ ಕಾಕಾನ ಹೊಸ ರಕ್ತ ಹೋಗಿತ್ತು; ಈ ವಾರ ಎಲ್ಲ ಸೀಸೆಗಳಿಗೂ ಅದೇ. ಕೊಂದದ್ದು ಸಂಯುಕ್ತವೋ ಗುಳಿಗೆಯೋ, ಈಗ ಹೇಳುವಂತಿರಲಿಲ್ಲ.

“ನನ್ನ ರಕ್ತ ಕೆಟ್ಟಿತ್ತೇನವ್ವ?” ಗುರುಲಿಂಗಪ್ಪನ ದನಿ ಇಳಿದಿತ್ತು.

“ಇಲ್ರಿ ಕಾಕಾ. ಆ ಹುಳಕ್ಕಷ್ಟ ಕೆಟ್ಟದ್ದು.”

ಬಸ್ ಹೊರಟಿತು. ಅವಳು ಮಾರ್ಗದರ್ಶಕಿ ವಿದ್ಯಾವತಿಯವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು.

“ಹೋದ ವಾರದ ಫಲಿತಾಂಶ ಸಭೆಗೆ ಇಡಬ್ಯಾಡ್ರಿ ಮೇಡಂ.”

“ನಿನ್ನ ಕೈಯಾಗ ಇರೂದು ಅದೊಂದ ಅಲ್ಲ?”

“ಈಗ ಅದೂ ಇಲ್ರಿ.”

ಸಮಿತಿ ಆ ಕಿಣ್ವದ ವಿಷಯವನ್ನು ಮುಂದಿನ ಸಭೆಗೆ ಹಾಕಿತು. ಬೇರೆ ದಾನಿಯ ರಕ್ತದಲ್ಲಿ, ಎಲ್ಲ ಸೀಸೆಗಳಿಗೂ ಅದೇ ರಕ್ತ ಬಳಸಿ, ಪ್ರಯೋಗವನ್ನು ಮೊದಲಿನಿಂದ ಮಾಡಲಾಯಿತು. ಸಂಯುಕ್ತ ಹಾಕಿದ ಮೇಲೂ ಎರಡೂ ತಳಿಗಳು ಬದುಕಿದವು.