ಎಡಗೈ ಕೊಡುವ ಜಾಗ

"ಮುಂದಿನ ಕುಣಿತ, 'ಮಿಸ್ ರೋನಾ ಬೇನ್'!" ಎಂದು ಕೂಗಿದ್ದೇ ತಡ, ಎಫಿ ಹಳ್ಳಿಯ ಹಾಲ್‌ನ ಅಡುಗೆಕೋಣೆಗೆ ಹೋಗಿ ಚಹಾ ಕಪ್ಪು ಜೋಡಿಸತೊಡಗಿದಳು. ಮೂವತ್ತೊಂದು ವರ್ಷದಿಂದ ಆ ಕುಣಿತದ ಹೊತ್ತಿಗೇ ಅವಳಿಗೆ ಕಪ್ಪುಗಳ ನೆನಪಾಗುತ್ತಿತ್ತು. ಕುಣಿತ ಕಟ್ಟಿದವನು ಅವಳ ಗಂಡ ಫಾರ್ಕರ್. ಹೆಸರು ಮಾತ್ರ ಇನ್ನೊಬ್ಬಳದು. ಕೆನಡಾಕ್ಕೆ ಮದುವೆಯಾಗಿ ಹೊರಟ ಗೆಳತಿಗೆ ಉಡುಗೊರೆ ಅಷ್ಟೇ ಎನ್ನುತ್ತಿದ್ದ ಅವನು. ತಮ್ಮಿಬ್ಬರ ಮದುವೆಗೆ ಮೊದಲು ನಾಲ್ಕು ಚಳಿಗಾಲ ಅವನು ಆ ಗೆಳತಿಯ ಜೊತೆಗೇ ಕುಣಿದದ್ದನ್ನು ಎಫಿ ಮರೆತಿರಲಿಲ್ಲ.

ಇವತ್ತು ಆ ರೋನಾಳೇ ಬಂದಿದ್ದಳು. ಅರವತ್ತು ದಾಟಿದರೂ ನೆಟ್ಟಗಿನ ಬೆನ್ನು. ಬಾಗಿಲಲ್ಲೇ ಫಾರ್ಕರ್ ಅವಳ ಕೋಟು ಇಸಿದುಕೊಂಡು ಗೂಟಕ್ಕೆ ಹಾಕಿದ್ದ. ಎಫಿಯ ಕೋಟು ಕುರ್ಚಿಯ ಮೇಲೇ ಬಿದ್ದಿತ್ತು.

"ಎಫಿ, ಬಾರೇ," ರೋನಾ ಅಡುಗೆಕೋಣೆಗೆ ಇಣುಕಿದಳು. "ನಾಲ್ಕನೇ ಜೋಡಿಗೆ ಒಬ್ಬಳು ಕಡಿಮೆ."

"ನಂಗೆ ಬರಲ್ಲ."

"ಕಟ್ಟಿದೋನ ಹೆಂಡ್ತಿಗೇ ಬರಲ್ವಾ? ಚೆನ್ನಾಗಿದೆ!"

"ನಿನ್ನ ಹೆಸರಿನದು ತಾನೇ? ನೀನೇ ಕುಣಿ ಮಾರಾಯ್ತಿ."

"ಒಬ್ಳೇ ತಿರುಗೋಕೆ ನಾನೇನು ಬುಗುರಿನಾ?"

ಎಫಿ ಕೈ ಒರೆಸಿಕೊಂಡು ಹೋಗಿ ಸಾಲಿನ ಕೊನೆಗೆ ನಿಂತಳು. ಸಾಲಿನ ತಲೆಯಲ್ಲಿ ರೋನಾ, ಅವಳೆದುರು ಫಾರ್ಕರ್. ಸಂಗೀತಕ್ಕೆ ಮೊದಲು ಎಲ್ಲರೂ ಒಮ್ಮೆ ಸುಮ್ಮನೆ ನಡೆದು ನೋಡಿದರು. ರೋನಾ ಸಾಲಿನುದ್ದಕ್ಕೂ ಕೊನೆಯವರೆಗೆ ಇಳಿದು ಬಂದು ಎಫಿಯ ಕೈಹಿಡಿದು ಸುತ್ತಬೇಕಾದಲ್ಲಿ ಬಲಗೈ ಚಾಚಿದಳು.

"ಎಡಗೈ, ಎಡಗೈ!" ಯಾರೋ ಕೂಗಿದರು.

"ಥೂ, ಯಾವಾಗ್ಲೂ ಇಲ್ಲೇ ತಪ್ಪೋದು ನಾನು. ಬೇರೆ ಎಲ್ಲದ್ರಲ್ಲೂ ಮೊದಲು ಬಲಗೈ, ಇದೊಂದ್ರಲ್ಲಿ ಉಲ್ಟಾ. ಯಾಕೋ ಫಾರ್ಕರ್ ಹೀಗೆ ಕಟ್ಟಿದೆ?"

ಫಾರ್ಕರ್ ತನ್ನ ಷೂ ನೋಡಿಕೊಂಡ. "ಕಟ್ಟೋವಾಗ ಬಲಗೈಗೆ ಬಟ್ಟೆ ಸುತ್ತಿತ್ತು."

"ಯಾರ ಕೈಗೆ? ನಿಂದಾ?"

ಅವನು ಅಕಾರ್ಡಿಯನ್ ನುಡಿಸುವವನತ್ತ ಶುರುಮಾಡು ಎಂದು ಕೈಯೆತ್ತಿದ.

ಎಫಿಗೆ ಮದುವೆಯಾದ ಮೊದಲ ಆಗಸ್ಟ್ ನೆನಪಾಯಿತು. ಕುದಿಯುವ ರಾಸ್ಪ್‌ಬೆರಿ ಜಾಮ್ ಅವಳ ಬಲ ಅಂಗೈ ಮೇಲೆ ಚೆಲ್ಲಿತ್ತು. ಆ ವಾರವೇ ಫಾರ್ಕರ್ ಮೇಜನ್ನು ಗೋಡೆಗೆ ದೂಡಿ, ಆರು ಕುರ್ಚಿಗಳನ್ನು ಎದುರುಬದುರು ಸಾಲಾಗಿ ನಿಲ್ಲಿಸಿ, "ಸ್ವಲ್ಪ ಬಾ" ಎಂದು ಕರೆದಿದ್ದ. ಸಂಜೆ ಸಂಜೆಯೂ ಅವಳು ಎಡಗೈ ಕೊಟ್ಟು ಸುತ್ತಿದ್ದಳು. ರೋನಾ ನಿಲ್ಲಬೇಕಾದ ಜಾಗಕ್ಕೆ ತಾನು ಏಳನೇ ಕುರ್ಚಿ ಎಂದುಕೊಂಡೇ ಸುತ್ತಿದ್ದಳು. ಗಾಯ ಮಾಗಿ ಬಟ್ಟೆ ಬಿಚ್ಚಿದ ಮೇಲೂ ಅವನು ಎಡಗೈ ಕೊಡುವ ಆ ಜಾಗವನ್ನು ತಿದ್ದಿರಲಿಲ್ಲ.

ಅಕಾರ್ಡಿಯನ್ ಮೊದಲಾಯಿತು. ಎಲ್ಲರೂ ಬಾಗಿ ನಮಸ್ಕರಿಸಿದರು. ರೋನಾ ಹಗುರ ಹೆಜ್ಜೆಯಲ್ಲಿ, ನಗುತ್ತ, ಇಡೀ ಹಾಲ್ ತನ್ನದೇ ಎಂಬಂತೆ ಇಳಿದು ಬಂದಳು. ಮತ್ತೆ ಬಲಗೈಯನ್ನೇ ಚಾಚಿದಳು.

ಎಫಿ ಅದನ್ನು ಹಿಡಿಯಲಿಲ್ಲ. ತನ್ನ ಎಡಗೈ ಚಾಚಿ ಹಾಗೇ ಕಾದಳು. ಸುಟ್ಟ ಕಲೆಯ ಬಲಗೈ, ಲಂಗದ ಮಡಿಕೆಯ ಪಕ್ಕ, ಆರಾಮಾಗಿ ಇಳಿಬಿದ್ದಿತ್ತು.